ಪೆದ್ದಮ್ಮ ನಿಮ್ಮನ್ನು ಕರೆದಿದ್ದಳು

ಪೆದ್ದಮ್ಮ ಸಾಯುವ ಮುಂಚೆ ನಿಮ್ಮನ್ನು ನೋಡಬೇಕೆಂದು ಕೇಳಿದ್ದಳು. ಅವಳ ಮಗಳು ಸುಜಾತಾ ಫೋನು ಮಾಡಿ ಹೇಳಿದ್ದಳು. ಆ ಮಾತನ್ನು ನಿಮಗೆ ಮುಟ್ಟಿಸದೆ ನುಂಗಿಕೊಂಡವಳು ನಾನು — ನಿಮ್ಮ ಹೆಂಡತಿ.

ಮದುವೆಯಾದ ಹೊಸದರಲ್ಲಿ ನನ್ನನ್ನು ಮಾನ್ವಿ ಕಡೆಯ ಆಂಧ್ರದವರ ಆ ಊರಿಗೆ, ಕ್ಯಾಂಪಿಗೆ, ಕರೆದುಕೊಂಡು ಹೋದಿರಲ್ಲ — ಅಲ್ಲಿಂದ ಶುರು. ಕಾಲುವೆಗೆ ನೀರು ಬಂದ ಕಾಲದಲ್ಲಿ ಆಂಧ್ರದಿಂದ ಬಂದು, ಜಾಲಿ ಕಡಿದು ಗದ್ದೆ ಮಾಡಿದವರು ಕಟ್ಟಿಕೊಂಡ ಮೊದಲ ಮನೆ ಅಲ್ಲಿತ್ತು. ಪಕ್ಕದಲ್ಲೇ ದೊಡ್ಡ ಮನೆ ಎದ್ದರೂ ಇದನ್ನು ಕೆಡವಿರಲಿಲ್ಲ. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಒಲೆ, ನೇಗಿಲು, ಲಾಟೀನು — ಎಲ್ಲ ಇದ್ದ ಹಾಗೇ ಉಳಿಸಿ, ನೋಡಲು ಬರುವವರಿಗೆ ತೆರೆದಿಟ್ಟಿದ್ದರು. ನಿಮ್ಮ ಅಪ್ಪ ಅವ್ವ ದೇವದುರ್ಗದಿಂದ ಹೋಗಿ ಅವರ ಗದ್ದೆಯಲ್ಲಿ ದುಡಿದವರು. ನೀವು ಆ ಮನೆಯಲ್ಲೇ ಉಂಡು, ಮಲಗಿ ಹೈಸ್ಕೂಲು ಮುಗಿಸಿದವರು. ಮನೆಯೊಡತಿಯನ್ನು ಅವರ ತೆಲುಗಿನಲ್ಲೇ ಪೆದ್ದಮ್ಮ, ದೊಡ್ಡಮ್ಮ, ಅನ್ನುತ್ತಿದ್ದಿರಿ. ಇದೆಲ್ಲ ನನಗೆ ಗೊತ್ತಿತ್ತು. ನನಗೆ ಗೊತ್ತಿರದಿದ್ದವಳು ಸುಜಾತಾ.

ಆ ತಗ್ಗು ಬಾಗಿಲಲ್ಲಿ ನೀವು ಅಭ್ಯಾಸದಂತೆ ತಲೆ ಬಗ್ಗಿಸಿದಿರಿ. ನನ್ನ ಹಣೆ ಬಡಿಯಿತು. ಸುಜಾತಾ ನಕ್ಕಳು, ನೀವೂ ನಕ್ಕಿರಿ. ಆಮೇಲೆ ಇಬ್ಬರೂ ತೆಲುಗಿಗೆ ಹೊರಳಿದಿರಿ — ಒಲೆ ಮುಂದೆ ನಿಂತು ಏನೋ ನೆನಪು, ಕಣಜದ ಹತ್ತಿರ ಇನ್ನೇನೋ. ನಮ್ಮ ಮನೆಯಲ್ಲಿ ನೀವು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಬಸ್ಸಿನಲ್ಲಿ ಕೇಳಿದೆ, "ಆಕೀನ ಮದುವಿ ಆಗಬೇಕಂತ ಇತ್ತೇನ್ರಿ?"

"ಹುಚ್ಚಿ, ತಂಗಿ ಅಕಿ ನನಗ," ಅಂದಿರಿ.

ನಂಬಲಿಲ್ಲ. ನಂಬಬಾರದೆಂದೇ ನಂಬಲಿಲ್ಲ.

ನಿಮ್ಮ ಮೊಬೈಲಿಗೆ ಆ ಫೋನು ಬಂದಾಗ ನೀವು ಸ್ನಾನಕ್ಕೆ ಹೋಗಿದ್ದಿರಿ. "ವದಿನಾ, ಅಣ್ಣ ಇಲ್ಲೇನ್ರಿ? ಅಮ್ಮಗ ಭಾಳ ಆರಾಮಿಲ್ಲ. ಕಣ್ಣು ತೆರೆದಾಗೆಲ್ಲ ಅಣ್ಣನ್ನೇ ಕೇಳಾಕತ್ಯಾಳ. ಒಂದ್ ಸಲ ಬಂದು ಹೋಗಂತ ಹೇಳ್ರಿ."

ವದಿನಾ ಅಂದರೆ ಅಣ್ಣನ ಹೆಂಡತಿ. ಅಷ್ಟು ತೆಲುಗು ನನಗೂ ಬರುತ್ತದೆ. "ಹೇಳ್ತೀನ್ರಿ" ಅಂದೆ. ಕರೆ ಬಂದದ್ದನ್ನು ಅಳಿಸಿದೆ, ಅವಳ ನಂಬರನ್ನು ಬ್ಲಾಕ್ ಮಾಡಿದೆ. ನೀವು ತಲೆ ಒರೆಸಿಕೊಳ್ಳುತ್ತ ಬಂದಿರಿ; ನಿಮಗೆ ಚಹಾ ಕೊಟ್ಟೆ.

ಪೆದ್ದಮ್ಮ ತೀರಿಕೊಂಡ ಸುದ್ದಿಯನ್ನು ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿ, ಮಣ್ಣಾದ ಮೇಲೆ ನೀವು ಓಡಿಹೋದಿರಿ. ಸುಜಾತಾ ನಿಮ್ಮ ಜೊತೆ ಮಾತಾಡಲಿಲ್ಲ. ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಕುಳಿತು ಅಂದಿರಿ, "ಇರೋತನಕ ಮನಿ ಮಗ ಅಂದ್ರು. ಸತ್ತಾಗ ಆಳಿನ ಮಗ ಆದೆ ನೋಡು. ಒಂದು ಮಾತು ಹೇಳಿಕಳಸಲಿಲ್ಲ."

ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು — ಹೇಗೆ ಹೇಳಲಿ — ಒಳಗೊಳಗೇ ಸಮಾಧಾನಪಟ್ಟೆ. ಇನ್ನು ನೀವು ಆ ಕಡೆ ಹೋಗುವುದಿಲ್ಲ ಎಂದು. ಹೋಗಲೂ ಇಲ್ಲ, ಇಷ್ಟು ವರ್ಷ.

ಮೊನ್ನೆ ಶಾಲೆಯವರು ನಮ್ಮ ಮಗಳನ್ನೂ ಆ ಮನೆ ನೋಡಲು ಕರೆದೊಯ್ದಿದ್ದರು. ಬಂದವಳೇ, "ಯವ್ವಾ, ಅಲ್ಲಿ ಗ್ವಾಡಿ ಮ್ಯಾಲೆ ಅಪ್ಪನ ಫೋಟೊ ಹಾಕ್ಯಾರ! ಒಬ್ಬಾಕಿ ಮುದುಕಿ ಮಗ್ಗಲದಾಗ ಕುಂತಾನ," ಅಂದಳು.

"ಅಪ್ಪನ ಮುಂದ ಹೇಳಬ್ಯಾಡ," ಅಂದೆ.

"ಯಾಕ?"

ನನ್ನ ಸುಳ್ಳನ್ನು ಈಗ ಆ ಕೂಸಿನ ಬಾಯಿಗೂ ತುರುಕುತ್ತಿದ್ದೇನೆ ಅನ್ನಿಸಿ ನಾಚಿಕೆಯಾಯಿತು.

ಇವತ್ತು ಬೆಳಗ್ಗೆ ಸುಜಾತಾಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ, "ಅಣ್ಣಗ ಹೇಳೀರೇನ್ರಿ?"

"ಇಲ್ರಿ."

"ಮೊದಲ ಅವನಿಗೆ ಹೇಳ್ರಿ." ಫೋನು ಇಟ್ಟಳು.

ಈಗ ಹೇಳಿದ್ದೇನೆ. ನೀವು ಅಲ್ಲಿಗೆ ಹೋಗಿ, ಮಗಳನ್ನೂ ಕರೆದುಕೊಂಡು ಹೋಗಿ. ಬಂದ ಮೇಲೆ ನನ್ನೊಡನೆ ಮಾತಾಡುವುದು, ಬಿಡುವುದು ನಿಮಗೆ ಸೇರಿದ್ದು. ನಾನು ಕಾಯುತ್ತೇನೆ. ಪೆದ್ದಮ್ಮನೂ ಕಾದಿದ್ದಳು — ಅವಳ ಹತ್ತಿರ ನಿಮ್ಮನ್ನು ಕಳಿಸುವುದು ಮಾತ್ರ ಇನ್ನು ನನ್ನ ಕೈಯಲ್ಲಿಲ್ಲ.