ಡೆಲ್ಲಾಳ ವಾಯವ್ಯದ ಗೋಡೆ

ಡೆಲ್ಲಾ ಕಾರ್ಕಮ್ ಲೂನೆನ್‌ಬರ್ಗ್ ಕಡೆಯ ಮೀನು ಕಾರ್ಖಾನೆಯಲ್ಲಿ, ತೂಕದ ಮೇಜಿನ ಮುಂದೆ ನಿಂತೇ ಅರ್ಧ ಆಯುಷ್ಯ ಕಳೆದವಳು. ತೂಕ ಹೆಚ್ಚಲೆಂದು ಮೀನಿನ ಪೆಟ್ಟಿಗೆಯ ತಳದಲ್ಲಿ ಐಸ್ ತುಂಬಿ ತರುವ ದೋಣಿಯವರನ್ನು ಹಿಡಿದು ಹಿಡಿದು, ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದ ಗುಣ ಮೈಗೂಡಿತ್ತು. ಮನೆಗೆ ಬಂದ ಪಾದ್ರಿಗಳು ಚಹಾ ಸಾಕು ಎಂದರೆ, ನಿಜಕ್ಕೂ ಸಾಕೋ, ತನ್ನ ಚಹಾ ಸೇರಲಿಲ್ಲವೋ ಎಂದು ದಿನವಿಡೀ ಯೋಚಿಸುವವಳು.

ಅವಳದು ಮುತ್ತಜ್ಜ ಕಟ್ಟಿಸಿದ ಮರದ ಮನೆ. ಹೊರಗಿನ ಹಲಗೆಗೂ ಒಳಗಿನ ಗಾರೆಗೂ ನಡುವೆ ಬರೀ ಟೊಳ್ಳು. ಸಮುದ್ರದ ಗಾಳಿ ಬಡಿಯುವ ವಾಯವ್ಯದ ಗೋಡೆಯಲ್ಲಂತೂ ಚಳಿಗಾಲದಲ್ಲಿ ಒಳಗೇ ಹಿಮ ಕಟ್ಟುತ್ತಿತ್ತು. ಕೊನೆಗೆ ಗಂಡ ಇವಾನ್ ಪಕ್ಕದೂರಿನ ಮರ್ಲ್ ಜಿಂಕ್‌ನನ್ನು ಕರೆಸಿದ. ಹೊರಗಿನಿಂದ ತೂತು ಕೊರೆದು, ಚಳಿ ತಡೆಯಲೆಂದು ಕೊಳವೆಯಲ್ಲಿ ಕಾಗದದ ಹೊಟ್ಟು ಊದಿ ಟೊಳ್ಳು ತುಂಬುವುದು ಅವನ ಕಸುಬು.

"ಈ ಗೋಡೇನ ಒಳಗಡೆಯಿಂದ ಎಲ್ಲಾದ್ರೂ ಬಿಚ್ಚಿದ್ದೀರಾ?" ಎಂದು ಮರ್ಲ್ ಮೊದಲೇ ಕೇಳಿದ.

"ಇಲ್ಲ ಇಲ್ಲ, ಎಲ್ಲೂ ಇಲ್ಲ," ಎಂದ ಇವಾನ್ ಅವಸರದಲ್ಲಿ.

ಡೆಲ್ಲಾ ಕೋಟು ತೊಟ್ಟು ಅಂಗಳದಲ್ಲೇ ಕುರ್ಚಿ ಹಾಕಿಕೊಂಡಳು. ಗೋಡೆಯೊಳಗಿನ ಕಂಬಗಳ ನಡುವಿನ ಮೊದಲ ಟೊಳ್ಳುಗಳು ಬೇಗ ತುಂಬಿದವು. ಅಡುಗೆಮನೆ ಕಿಟಕಿಯ ಪಕ್ಕದ್ದು ಮಾತ್ರ ತುಂಬುವ ಲಕ್ಷಣವೇ ಕಾಣಲಿಲ್ಲ. ಚೀಲದ ಮೇಲೆ ಚೀಲ ಖಾಲಿಯಾಯಿತು.

"ಎಷ್ಟಂತ ತಿನ್ನುತ್ತೆ ಇದು?"

"ಹಳೇ ಮನೆ ಅಲ್ವಾ ಡೆಲ್ಲಾ, ಹೇಳೋಕಾಗಲ್ಲ."

"ಗೋಡೆ ತಿಂತಿದ್ಯೋ, ನಿನ್ನ ಲಾರಿ ತಿಂತಿದ್ಯೋ?"

ಮರ್ಲ್‌ನ ಮುಖ ಕೆಂಪಾಯಿತು. ಲಾರಿಯ ಟಾರ್ಪಾಲು ಎಳೆದು ಬಿಸಾಕಿ, "ಹತ್ತಿ ನೋಡಿ," ಎಂದ. ನಾಚಿಕೊಂಡು ಸುಮ್ಮನಾಗುತ್ತಾಳೆ ಎಂದುಕೊಂಡಿದ್ದ. ಅವಳು ಹತ್ತಿಯೇ ಬಿಟ್ಟಳು. ಖಾಲಿ ಚೀಲಗಳನ್ನು ಕೊಡವಿದಳು, ಅವನ ಊಟದ ಡಬ್ಬಿಯನ್ನೂ ಬಿಚ್ಚಿ ನೋಡಿದಳು. ಏನೂ ಸಿಗಲಿಲ್ಲ.

"ಈಗ ನನ್ನ ಸರದಿ. ನಿಮ್ಮ ನೆಲಮಾಳಿಗೆ ತೋರಿಸಿ," ಎಂದ ಮರ್ಲ್.

ಒಳಗೆ ಹೋದರೆ ಇವಾನ್ ನೆಲಮಾಳಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. "ಅಲ್ಲೇನಿದೆ, ಬರೀ ಎಲೆಕೋಸು ಹುಳಿಹಾಕಿದ ಭರಣಿ."

ಡೆಲ್ಲಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಪಕ್ಕಕ್ಕೆ ಸರಿ."

ಕೆಳಗೆ ಮೊಣಕಾಲುದ್ದ ಬೂದು ಬಣ್ಣದ ಹೊಟ್ಟು. ಭರಣಿಗಳೆಲ್ಲ ಹೂತುಹೋಗಿದ್ದವು. ಗೋಡೆಯ ಬುಡದಲ್ಲಿ ಟೊಳ್ಳು ಮುಚ್ಚಿದ್ದ ಹಲಗೆ ಕಳಚಿಬಿದ್ದು, ಹೊಟ್ಟಿನ ನಡುವಿನಿಂದ ರಮ್ ಬಾಟಲಿಗಳ ಕತ್ತುಗಳು ಇಣುಕುತ್ತಿದ್ದವು. ಇವಾನ್ ಕುಡಿಯಲೇಬಾರದೆಂದು ಡಾಕ್ಟರು ಹೇಳಿ ವರ್ಷಗಳಾಗಿದ್ದವು.

"ಬಾಟಲಿ ಬಚ್ಚಿಡೋಕೆ ಬಿಚ್ಚಿದ್ದೆ. ಮತ್ತೆ ಒರಗಿಸಿಟ್ಟ ಹಲಗೆ ತಡೆಯುತ್ತೆ ಅನ್ಕೊಂಡಿದ್ದೆ," ಎಂದ ಅವನು ಮೆಲ್ಲಗೆ.

ಡೆಲ್ಲಾ ಮೆಟ್ಟಿಲ ಮೇಲೆ ಕೂತಳು. "ಊರೋರ ಪೆಟ್ಟಿಗೆಯೆಲ್ಲಾ ತಡಕಾಡ್ದೆ. ನಿನ್ನೊಬ್ಬನ್ನ ಬಿಟ್ಟೆ ನೋಡು."

ಬಾಟಲಿಗಳಲ್ಲಿದ್ದುದನ್ನು ಅವಳೇ ಮೋರಿಗೆ ಸುರಿದಳು. ಇವಾನ್ ಹೊಟ್ಟನ್ನೆಲ್ಲ ಗೋರಿ ಚೀಲಕ್ಕೆ ತುಂಬಿದ, ಮರ್ಲ್ ಹೊಸ ಹಲಗೆ ಹೊಡೆದು ಮತ್ತೆ ಊದಿದ. ಈ ಸಲ ಗೋಡೆ ತುಂಬಿತು.

ಊಟಕ್ಕೆ ಡೆಲ್ಲಾ ಮರ್ಲ್‌ನ ತಟ್ಟೆಗೆ ಹುಳಿಕೋಸು ಬಡಿಸಿ, ಅವನು ಕೇಳದಿದ್ದರೂ ಇನ್ನೊಂದು ಸಾಸೇಜು ಹಾಕಿದಳು. ತಪ್ಪಾಯಿತು ಎನ್ನಲಿಲ್ಲ.

"ಲಾರಿ ಹತ್ತಿದ್ದು ಸರಿ. ಊಟದ ಡಬ್ಬಿ ಯಾಕೆ?" ಎಂದು ಮರ್ಲ್ ನಕ್ಕ.

"ಅದನ್ನೂ ನೋಡ್ದಿದ್ರೆ ನನಗೆ ನಿದ್ದೆ ಬರ್ತಿರ್ಲಿಲ್ಲ."

ಜನವರಿಯ ಬಿರುಗಾಳಿ ಬೀಸಿದ ದಿನ ಅವಳು ಗೋಡೆಗೆ ಅಂಗೈ ಇಟ್ಟಳು. ನಂಬಿಕೆ ಬಾರದೆ ಕೆನ್ನೆ ಇಟ್ಟಳು. ಆಮೇಲೆ ಇವಾನ್‌ನನ್ನೂ ಕರೆದು ಅವನ ಕೆನ್ನೆ ಇಡಿಸಿದಳು.

"ಬೆಚ್ಚಗಿದೆ," ಎಂದ ಅವನು.

"ನೀನು ಹೇಳಿದ್ರೆ ಆಯ್ತಾ?" ಎನ್ನುತ್ತ ಡೆಲ್ಲಾ ಮತ್ತೊಮ್ಮೆ ತಾನೇ ಮುಟ್ಟಿ ನೋಡಿದಳು.