ಮಾವನ ದನಿಯಲ್ಲಿ ಕೂಗಿದ್ದು

ನಮ್ಮ ಸೋದರಮಾವನಿಗೆ ಹಗ್ಗ ಬಿಡುವವರನ್ನು ಕಂಡರೆ ಆಗುವುದಿಲ್ಲ. ಕನ್ನೊಳ್ಳಿಯಲ್ಲಿ ಕಾರಹುಣ್ಣಿಮೆಯ ದಿನ ಓಡುವ ಎತ್ತಿನ ಹಗ್ಗ ಬಿಟ್ಟವನನ್ನು ಮುಂದಿನ ಕಾರಹುಣ್ಣಿಮೆಯವರೆಗೂ ಆಡಿಕೊಳ್ಳುವ ಮನುಷ್ಯ. ಅದೇ ನ್ಯಾಯವನ್ನು ನನ್ನಕ್ಕನ ಪಟಕ್ಕೂ ಹಚ್ಚಿದ.

ಅಕ್ಕ ಸಿಂದಗಿಯ ಶಾಲೆಯೊಂದರಲ್ಲಿ ಆಟದ ಟೀಚರು. ಕರಾವಳಿಗೆ ಹೋಗಿ ಕೈಟ್‌ಬೋರ್ಡಿಂಗ್ ಕಲಿತು ಬಂದವಳು. ಕಾಲಡಿಗೊಂದು ಹಲಗೆ, ತಲೆಯ ಮೇಲೆ ಕೋಣೆಯಷ್ಟು ದೊಡ್ಡ ಗಾಳಿಪಟ. ಅದು ಎಳೆದಂತೆ ನೀರ ಮೇಲೆ ಜಾರುವುದು. ಭಾನುವಾರ ಮುದ್ದೇಬಿಹಾಳದ ಕಡೆಯ ಹಿನ್ನೀರಿಗೆ ಹೋಗುತ್ತಿದ್ದೆವು. ಅವಳ ಎದೆಯ ಹತ್ತಿರ ಒಂದು ಕೆಂಪು ಹಿಡಿಕೆ. ಅದನ್ನು ತಳ್ಳಿದರೆ ಪಟದ ಬಲವೆಲ್ಲ ಹೋಗಿ ನೀರಿಗೆ ಬೀಳುತ್ತದೆ. ಮೊದಲ ಭಾನುವಾರ ದೂರದಲ್ಲಿ ಬಿರುಗಾಳಿಗೆ ಧೂಳೆದ್ದದ್ದು ಕಂಡೊಡನೆ ಅಕ್ಕ ತಳ್ಳಿಯೇಬಿಟ್ಟಳು.

ದಂಡೆಯ ಮೇಲೆ ಮಾವ ತೊಡೆ ತಟ್ಟಿ ನಕ್ಕ. "ಹಗ್ಗ ಬಿಟ್ಲಲೇ! ಇಷ್ಟಕ್ಕ ಅಂಜಿದ್ರ ಹೆಂಗ ಯವ್ವಾ?"

ನಾನೇನು ಕಡಿಮೆಯೇ? ವಾರವಿಡೀ ಎದೆ ಹಿಡಿದುಕೊಂಡು, "ಗಾಳಿ ಬಂತು, ಬಿಡು ಬಿಡು!" ಎಂದು ಮನೆತುಂಬ ಕುಣಿದೆ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಮುಂದಿನ ಭಾನುವಾರ ಗಾಳಿ ಒಮ್ಮೆಲೇ ನಿಂತಿತು. ಮರುಗಳಿಗೆ ತಣ್ಣನೆಯ ಬಿರುಗಾಳಿ ದಿಕ್ಕು ಬದಲಿಸಿ ನುಗ್ಗಿ, ಅವಳನ್ನು ನೇರ ದಂಡೆಯ ಕಲ್ಲುಗಳ ಕಡೆಗೇ ಎಳೆಯತೊಡಗಿತು.

"ಹಿಡಿ! ಬಿಡಬ್ಯಾಡ!" ಮಾವ ಒದರಿದ.

"ಗಾಳಿ ಬಂತು ಅಕ್ಕಾ, ಬಿಡು, ಬಿಡು!" ನಾನು.

"ಬಾಯಿ ಮುಚ್ಚಲೇ, ಮಂಗ್ಯಾ!" ಅಕ್ಕ ಕಿರುಚಿದಳು. ಅಣಕಿಸುತ್ತಿದ್ದೇನೆ ಅಂದುಕೊಂಡಳು. ವಾರವಿಡೀ ಅಣಕಿಸಿದ್ದು ಅದೇ ಮಾತಿನಿಂದ ತಾನೇ! ನನ್ನ ನಾಲಿಗೆಗಿಷ್ಟು ಬೆಂಕಿ.

ಕಲ್ಲಿಗೆ ಹತ್ತು ಮಾರು ಉಳಿದಿತ್ತು. ಗಂಟಲು ಒರಟು ಮಾಡಿಕೊಂಡು ಮಾವನ ದನಿಯಲ್ಲೇ ಕೂಗಿದೆ: "ಬಿಡ ಯವ್ವಾ! ಬಿಡು ಅಂತೇನಿ!"

ತಳ್ಳಿದಳು. ಪಟ ಸತ್ತು ಬಿತ್ತು. ಮೊಣಕೈ ತರಚಿತು, ತಲೆ ಉಳಿಯಿತು.

ಸಂಜೆ ದಂಡೆಯ ಹತ್ತಿರದ ಚಹಾದಂಗಡಿಯಲ್ಲಿ ಮಾವನ ಭಾಷಣ. "ಗಾಳಿ ತಿರುಗಿದ ಕೂಡ್ಲೇ ನಾನ ಒದರಿದ್ನಿ, ಬಿಡು ಅಂತ. ಈ ಮಂಗ್ಯಾ ಆಗೂ ಅಣಕಿಸಾಕತ್ತಿದ್ದ!"

"ಹೌದ್ರಿ ಕಾಕಾ, ನಿಮ್ಮ ದನಿ ನಾವೂ ಕೇಳೇವಿ," ಎಂದು ಅಲ್ಲಿದ್ದವರು ಸಾಕ್ಷಿ ನುಡಿದರು.

ಮೈಯೆಲ್ಲ ಉರಿಯಿತು. ನನ್ನ ಗಂಟಲನ್ನು ನನ್ನೆದುರೇ ಕದ್ದ ಈ ಮನುಷ್ಯ! ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಅವನೇ ಮುಂದುವರಿಸಿದ: "ಗಾಳಿ ಕೆಟ್ಟಿದ್ರ ಮದಲ ಬಿಡಬೇಕ್ರಿ. ಬರೋ ಭಾನುವಾರನೂ ನಾನ ನಿಂತು ಹೇಳ್ತೇನಿ."

ನಿಜ ಹೇಳಿದರೆ ಹಟಕ್ಕೆ ಬಿದ್ದು ಮತ್ತೆ "ಹಿಡಿ" ಅನ್ನುತ್ತಾನೆ. ಬಾಯಿ ಮುಚ್ಚಿಕೊಂಡೆ. ಇವತ್ತಿಗೂ ಉರಿಯುತ್ತದೆ.