ತಂಗಡಿ ಹೂವಿನ ಕಷಾಯ

ಜಹೀರಾಬಾದಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ನನ್ನ ನೌಕರಿ. ಗಿಡಗಳ ಸಾರ ತೆಗೆದು ಅದರಲ್ಲಿ ಏನೇನಿದೆ ಎಂದು ನೋಡುವುದು. ಆ ವರ್ಷ ತಂಗಡಿ, ಅಂದರೆ ಆವರಿಕೆ ಹೂವಿನ ಸರದಿ. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ಅದರ ಸಾರ ಕೊಟ್ಟಾಗ ಸಕ್ಕರೆ ಇಳಿದಿತ್ತು. ಇಲಿಗಳಲ್ಲಿ, ಅಷ್ಟೇ. ಕಲ್ಹೇರ್ ಹತ್ತಿರ ಸೋದರಮಾವನ ಮನೆಗೆ ಹೋದಾಗ ಇದನ್ನೆಲ್ಲ ಹೇಳಿದೆ, ಇಲಿಯ ಮಾತನ್ನು ಮಾತ್ರ ನುಂಗಿಕೊಂಡೆ. ಇಲಿ ಎಂದರೆ ನನ್ನ ದೊಡ್ಡಸ್ತಿಕೆ ಎಲ್ಲಿ ಉಳಿಯುತ್ತಿತ್ತು?

ಮಾವ ಕುರಿ ಕಾಯುವವನು. ಸಕ್ಕರೆ ಕಾಯಿಲೆಗೆ ಬಹಳ ವರ್ಷಗಳಿಂದ ಗುಳಿಗೆ ನುಂಗುತ್ತಿದ್ದ.

“ಹಿತ್ತಲ ಗಿಡ ಮದ್ದಲ್ಲ ಅಂತಾರ. ನಮ್ಮ ಹುಡುಗಿ ಅದನ್ನ ಸುಳ್ಳ ಮಾಡ್ಯಾಳ ನೋಡ್ರಿ,” ಎಂದು ಬಂದವರಿಗೆಲ್ಲ ಹೇಳಿದ. ನಾನು ಉಬ್ಬಿಹೋದೆ.

ಅವನು ಕುರಿ ಮೇಯಿಸುವ ಗುಡ್ಡದ ತುಂಬ ತಂಗಡಿ. ಕುರಿಗಳು ಅದಕ್ಕೆ ಬಾಯಿ ಹಾಕುವುದಿಲ್ಲ. ಮಾವ ಹಾಕಿದ; ಹೂವು ಕುದಿಸಿ ದಿನವೂ ಕುಡಿಯತೊಡಗಿದ.

ದೀಪಾವಳಿಗೆ ಹೋದಾಗ ಅಂಗಳದ ಕಲ್ಲಿನ ಮೇಲೆ ರಕ್ತದ ಹೆಜ್ಜೆ ಕಂಡಿತು. ಮಾವನ ಕಾಲು ಎತ್ತಿ ನೋಡಿದೆ. ಹೆಬ್ಬೆರಳ ಬುಡದಲ್ಲಿ ಜಾಲಿಮುಳ್ಳು ಮುರಿದು ಒಳಗೇ ಉಳಿದು ಕೀವಾಗಿತ್ತು.

“ಇದು ಯಾವಾಗಿಂದು, ಮಾವ?”

“ಯಾರಿಗೆ ಗೊತ್ತವ್ವ. ನೋವೇ ಇಲ್ಲ. ನಿನ್ನ ಕಷಾಯಕ್ಕ ಮೊದಲಿನ ಕಾಲುರಿ ಸೈತ ಹೋಗ್ಯಾದ.”

“ಗುಳಿಗಿ?”

“ಬಿಟ್ಟು ಆರ ತಿಂಗಳಾತು.”

ಉರಿ ಹೋದದ್ದು ಗುಣವಾಗಿ ಅಲ್ಲ, ಕಾಲಿನ ನರಗಳು ಸತ್ತು. ಅವನು ಅದನ್ನೇ ನನ್ನ ಔಷಧದ ಗುಣ ಎಂದುಕೊಂಡು ದಿನವೂ ಬರಿಗಾಲಲ್ಲಿ ಗುಡ್ಡ ಹತ್ತಿದ್ದ.

ಆಸ್ಪತ್ರೆಯಲ್ಲಿ ಹೆಬ್ಬೆರಳು, ಅದರ ಪಕ್ಕದ ಬೆರಳು ತೆಗೆದರು. ಉಳಿದ ಕಾಲು ಉಳಿಯಿತು. ಮೂರನೆಯ ದಿನ ಪಕ್ಕದ ಮಂಚದವನಿಗೆ ಮಾವ ಉಪದೇಶ ಮಾಡುತ್ತಿದ್ದ. ಅವನಿಗೂ ಅದೇ ಕಾಯಿಲೆ.

“ಔಷಧ ಛಲೋನೇ ಅದರಿ. ನಾನೇ ತಡಾ ಮಾಡಿ ಸುರು ಮಾಡೀನಿ.”

ಆ ಮನುಷ್ಯ ನನ್ನತ್ತ ತಿರುಗಿದ. “ದಿನಕ್ಕ ಎಷ್ಟ ಹೂವ ಹಾಕಬೇಕ್ರಿ, ಅಕ್ಕೋರ?”

ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. “ಒಂದೂ ಬ್ಯಾಡ್ರಿ. ಅದು ಇಲಿಗೆ ಕೊಟ್ಟು ನೋಡಿದ್ದು. ಮನುಷ್ಯಾರಿಗೆ ಇನ್ನೂ ಕೊಟ್ಟು ನೋಡಿಲ್ಲ. ಗುಳಿಗಿ ಬಿಡಬ್ಯಾಡ್ರಿ. ನಾನು ಮನಿಯಾಗ ಬಡಾಯಿ ಕೊಚ್ಚೀನಿ, ಮಾವ. ತಪ್ಪು ನಂದೇ.”

ಬೈಯುತ್ತಾನೆಂದು ತಲೆ ತಗ್ಗಿಸಿ ನಿಂತೆ. ಮಾವ ಪಟ್ಟಿ ಕಟ್ಟಿದ ಕಾಲನ್ನು ನೋಡಲೂ ಇಲ್ಲ.

“ಅಯ್ಯ, ನಾ ಊರಾಗ ಎಂಟ ಮನಿಗೆ ಇದನ್ನ ಕುಡೀರಿ ಅಂತ ಹೇಳೀನಲ್ಲವ್ವ,” ಎಂದ. “ಫೋನ್ ಹಚ್ಚು. ಒಬ್ಬೊಬ್ಬರಿಗೂ ನೀನೇ ಹೇಳು. ನಾ ಹೇಳಿದ್ರ ಈಗ ನಂಬಂಗಿಲ್ಲ.”